ಬತ್ತದ ಗದ್ದೆಯೂ ಪೊಟ್ಯಾಷ್ ಗೊಬ್ಬರವೂ



ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದವನ್ನು ಸ್ವೀಕರಿಸುವವರೆಲ್ಲರೂ ಎಲೆಯ ಮೇಲಿನ ಅನ್ನವನ್ನು ಕಾಣುತ್ತಾರೆ. ಆ ಅನ್ನವು ಯಾವ ಗದ್ದೆಯಿಂದ ಬಂದಿತೆಂಬುದನ್ನು ಕೆಲವರು ಬಲ್ಲರು. ಆದರೆ ಬರುವಾಗ ಅದು ಗದ್ದೆಯಿಂದ ಏನನ್ನು ತೆಗೆದುಕೊಂಡು ಬಂದಿತು, ತೆಗೆದುಕೊಂಡು ಬಂದುದನ್ನು ಯಾರು ಹಿಂದಕ್ಕೆ ಕೊಟ್ಟರು ಎಂಬುದನ್ನು ವಿಚಾರಿಸುವವರು ಅತಿ ವಿರಳ. ಕೊಟ್ಟವನನ್ನು ಮರೆಯುವುದು ಹೇಗೆ ಸಲ್ಲದೋ ಹಾಗೆಯೇ ಕೊಟ್ಟ ನೆಲವನ್ನು ಮರೆಯುವುದೂ ಸಲ್ಲದು. ಆದುದರಿಂದ ಬತ್ತದ ಬೆಳೆಯು ಭೂಮಿಯಿಂದ ಪಡೆಯುವ ಸಾರಗಳಲ್ಲಿ ಅತ್ಯಧಿಕವಾಗಿ ಪಡೆಯುವಂಥದೂ, ರೈತನು ಅತ್ಯಲ್ಪವಾಗಿ ಹಿಂದಿರುಗಿಸುವಂಥದೂ ಆದ ಪೊಟ್ಯಾಷ್ ಎಂಬ ಸಾರದ ವಿಚಾರವನ್ನು ಈ ಉಪನ್ಯಾಸದಲ್ಲಿ ಯಥಾಮತಿಯಾಗಿ ವಿವರಿಸಲಾಗುವುದು.

ಅರಸೀಕೆರೆ, ಬೇಲೂರು, ಹಳೇಬೀಡುಗಳು ಒಂದೇ ಜಿಲ್ಲೆಗೆ ಸೇರಿ, ಒಂದರಿಂದೊಂದು ಹೆಚ್ಚು ದೂರವಿಲ್ಲದೆ ಇದ್ದರೂ, ನೆಲದ ಗುಣದಲ್ಲಿಯೂ ಮಳೆಯ ಪ್ರಮಾಣದಲ್ಲಿಯೂ ಅವುಗಳಿಗೆ ಬಹಳ ಭೇದವಿರುವುದು. ಬೇಲೂರಿನ ಪಶ್ಚಿಮಭಾಗವು ಮಲೆನಾಡಿನ ಸೆರಗು. ಅಲ್ಲಿ ಮಳೆ ಹೆಚ್ಚು. ಕಣಿವೆಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬತ್ತದ ಗದ್ದೆಗಳಿವೆ. ಹೇಮಾವತಿಯ ಉಪನದಿಯಾದ ಯಗಚಿಗೆ ಬೇಲೂರಿನ ಬಳಿಯಲ್ಲಿಯೇ ಜಲಾಶಯವಿದೆ. ಹೊಯ್ಸಳರ ರಾಜಧಾನಿಯಾಗಿದ್ದ ದ್ವಾರಸಮುದ್ರವೇ ಈಗಿನ ಹಳೇಬೀಡು. ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ೨೦೨೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದುದನ್ನು ಎಲ್ಲರೂ ಬಲ್ಲರು; ಆ ದೇವಾಲಯಗಳಷ್ಟೇ ಗೌರವಾರ್ಹವಾದುವು ಆ ಸೀಮೆಯ ಕೆರೆಗಳೂ ಕೆರೆಯ ಕೆಳಗಿನ ಅಚ್ಚುಕಟ್ಟುಗಳೂ ಎಂಬುದನ್ನು ಜ್ಞಾಪಿಸಿಕೊಳ್ಳುವವರು ಕಡಿಮೆ. ಅರಸೀಕೆರೆಯಾದರೋ ತನ್ನ ಹೆಸರಿನಲ್ಲಿಯೇ ಕೆರೆಯನ್ನಿಟ್ಟುಕೊಂಡಿದ್ದರೂ ಮಳೆ ಕಡಿಮೆಯಾದ ಬಯಲುಸೀಮೆ. ರಾಗಿಯೂ ತೆಂಗೂ ಅಲ್ಲಿನ ಮುಖ್ಯ ಬೆಳೆಗಳು. ಬತ್ತವು ಕೆರೆಯ ಹಿಂದೆ ಮಾತ್ರ. ಹೀಗೆ ಮೂರು ಸೀಮೆಗಳೂ ಬೇರೆ ಬೇರೆಯಾಗಿದ್ದರೂ ಬತ್ತದ ಗದ್ದೆಯ ಲೆಕ್ಕವು ಮೂರಕ್ಕೂ ಒಂದೇ.

ಪೊಟ್ಯಾಷ್ ಎಂದರೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಸೌದೆಯ ಬೂದಿಯನ್ನು ನೀರಿನಲ್ಲಿ ಕಲಸಿ, ತಿಳಿಯನ್ನು ಬಸಿದು, ಮಡಕೆಯಲ್ಲಿ ಬತ್ತಿಸಿದರೆ ಉಳಿಯುವ ಬಿಳಿಯ ಕ್ಷಾರಕ್ಕೆ ಪಾಶ್ಚಾತ್ಯರು ಮಡಕೆಯ ಬೂದಿ ಎಂಬರ್ಥದಲ್ಲಿ ಈ ಹೆಸರನ್ನು ಕೊಟ್ಟರು. ಆಯುರ್ವೇದದ ಯವಕ್ಷಾರವೂ ಜವೆಗಿಡದ ಬೂದಿಯಿಂದ ತೆಗೆದ ಇದೇ ಜಾತಿಯ ವಸ್ತು. ೧೮೦೭ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಎಂಬ ವಿಜ್ಞಾನಿಯು ಈ ಕ್ಷಾರದ ಮೂಲಕ ವಿದ್ಯುತ್ತನ್ನು ಹರಿಸಿ, ಅದರೊಳಗಿದ್ದ ಲೋಹವನ್ನು ಬೇರ್ಪಡಿಸಿದನು. ಅದಕ್ಕೆ ಪೊಟ್ಯಾಸಿಯಂ ಎಂದು ಹೆಸರಾಯಿತು. ೧೮೪೦ರಲ್ಲಿ ಜರ್ಮನಿಯ ಲೀಬಿಗನು ಪ್ರಕಟಿಸಿದ ಗ್ರಂಥದಿಂದ ಸಸ್ಯಗಳು ಖನಿಜಸಾರಗಳನ್ನು ಮಣ್ಣಿನಿಂದಲೇ ಪಡೆಯುವುವೆಂಬ ತತ್ತ್ವವು ಲೋಕಪ್ರಸಿದ್ಧವಾಯಿತು. ಅದಕ್ಕೂ ಮುಂಚೆ ಸ್ಪ್ರೆಂಗೆಲನು ಹೇಳಿ, ಆಮೇಲೆ ಲೀಬಿಗನು ಪ್ರಚಾರಕ್ಕೆ ತಂದ ಇನ್ನೊಂದು ನಿಯಮವೂ ಉಂಟು. ಅದೇನೆಂದರೆ, ಬೆಳೆಗೆ ಬೇಕಾದ ಸಾರಗಳಲ್ಲಿ ಯಾವುದು ಅತ್ಯಂತ ಕೊರತೆಯಾಗಿರುವುದೋ ಅದೇ ಇಳುವರಿಯನ್ನು ನಿರ್ಣಯಿಸುವುದು. ಉಳಿದುವನ್ನು ಎಷ್ಟು ಸುರಿದರೂ ಆ ಒಂದರ ಕೊರತೆಯು ನೀಗುವುದಿಲ್ಲ. ಎತ್ತಿನ ಗಾಡಿಗೆ ಒಂದು ಕೀಲು ಇಲ್ಲದಿದ್ದರೆ ಎತ್ತುಗಳು ಎಷ್ಟೇ ಬಲವಾಗಿದ್ದರೂ ಪ್ರಯಾಣವು ಸಾಗದೆಂಬುದನ್ನು ರೈತನಿಗೆ ಹೇಳಿಕೊಡಬೇಕಾದುದಿಲ್ಲ.

ಮೈಸೂರು ಸಂಸ್ಥಾನದಲ್ಲಿಯೂ ಈ ಶಾಸ್ತ್ರದ ವ್ಯಾಸಂಗವು ಬಹು ಹಿಂದೆಯೇ ಪ್ರಾರಂಭವಾಯಿತು. ೧೮೯೯ರಲ್ಲಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಗಳಾಗಿದ್ದಾಗ ಬೆಂಗಳೂರಿನ ಹೆಬ್ಬಾಳದಲ್ಲಿ ವ್ಯವಸಾಯ ಪ್ರಯೋಗಕ್ಕಾಗಿ ಭೂಮಿಯನ್ನು ದಯಪಾಲಿಸಿದರು. ಕೃಷಿ ರಸಾಯನಶಾಸ್ತ್ರಜ್ಞರಾದ ಲೇಮನ್ ಅವರೂ, ಆಮೇಲೆ ವ್ಯವಸಾಯ ಇಲಾಖೆಯ ಮೊದಲ ನಿರ್ದೇಶಕರಾದ ಕೋಲ್ಮನ್ ಅವರೂ ಅಲ್ಲಿ ಅಡಿಗಲ್ಲನ್ನಿಟ್ಟ ಕಾರ್ಯವೇ ಬೆಳೆದು ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಈಗ ರೈತನಿಗೆ ದೊರೆಯುವ ಗೊಬ್ಬರದ ಶಿಫಾರಸುಗಳು ಇಂಥ ದೀರ್ಘಕಾಲದ ಪ್ರಯೋಗಗಳ ಫಲವಾಗಿರುವುವು.

ಇನ್ನು ಪೊಟ್ಯಾಷ್ ಪೈರಿನೊಳಗೆ ಮಾಡುವ ಕೆಲಸವಾವುದು? ಸಾರಜನಕವು ಎಲೆಯಾಗಿ ಕಾಣುವುದು. ರಂಜಕವು ಬೇರಿಗೂ ಕಾಳಿಗೂ ಸೇರುವುದು. ಪೊಟ್ಯಾಷ್ ಹೀಗೆ ಯಾವುದೊಂದು ಅಂಗವಾಗಿಯೂ ಕಾಣಿಸುವುದಿಲ್ಲ. ಅದು ಜೀವರಸದಲ್ಲಿ ಕರಗಿಕೊಂಡಿದ್ದು ಎಲ್ಲ ಅಂಗಗಳ ಸೇವೆಯನ್ನೂ ಮಾಡುವುದು. ಎಲೆಯ ಸೂಕ್ಷ್ಮರಂಧ್ರಗಳನ್ನು ತೆರೆದು ಮುಚ್ಚಿ ನೀರಿನ ವ್ಯಯವನ್ನು ಹಿಡಿತದಲ್ಲಿಡುವುದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಕಾಳಿಗೆ ಸಾಗಿಸಲು ನೆರವಾಗುವುದು. ದಂಟಿನ ಗೋಡೆಯನ್ನು ಗಟ್ಟಿಮಾಡುವುದು. ಬೇರಿಗೆ ತ್ರಾಣವನ್ನು ಕೊಡುವುದು. ಇದು ಸಾಕಷ್ಟಿದ್ದ ಗದ್ದೆಯಲ್ಲಿ ಕಾಳು ತುಂಬಿ ತೂಗುವುದು, ಜೊಳ್ಳು ಕಡಿಮೆಯಾಗುವುದು, ಮಳೆಗಾಳಿಗೆ ಪೈರು ಸುಲಭವಾಗಿ ಒರಗದು. ಇದು ಕೊರತೆಯಾದ ಗದ್ದೆಯಲ್ಲಿ ಪೈರು ಹಸುರಾಗಿಯೇ ಕಂಡರೂ ಒಳಗೆ ನಿಸ್ಸತ್ತ್ವವಾಗಿರುವುದು.

ಹಾಗಾದರೆ ಮಣ್ಣಿನಲ್ಲಿ ಪೊಟ್ಯಾಷ್ ಇಲ್ಲವೇ ಎಂದು ಕೇಳಬಹುದು. ಇದೆ, ಬಹಳವಾಗಿಯೇ ಇದೆ. ಈ ಸೀಮೆಯ ಕಲ್ಲುಗಳಲ್ಲಿ ಬೆರೆತಿರುವ ಕಾಗೆಬಂಗಾರವೂ ಫೆಲ್ಡ್‌ಸ್ಪಾರ್ ಎಂಬ ಶಿಲಾಖನಿಜವೂ ಪೊಟ್ಯಾಷಿನ ಆಗರಗಳೇ. ಆದರೆ ಒಂದು ಮನೆಯ ಐಶ್ವರ್ಯದಲ್ಲಿ ನೆಲದಲ್ಲಿ ಹೂತ ನಿಧಿ, ಪೆಟ್ಟಿಗೆಯಲ್ಲಿಟ್ಟ ಹಣ, ಕೈಚೀಲದಲ್ಲಿರುವ ಚಿಲ್ಲರೆ ಎಂದು ಮೂರು ಬಗೆಯಿರುವಂತೆ ಮಣ್ಣಿನ ಪೊಟ್ಯಾಷೂ ಮೂರು ಬಗೆ. ಅದರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕಲ್ಲಿನ ಕಣದೊಳಗೆ ಹೂತುಹೋಗಿರುವುದು. ಅದು ಕರಗಿ ಬರುವುದಕ್ಕೆ ಅತಿ ದೀರ್ಘಕಾಲ ಬೇಕು. ಇನ್ನೊಂದು ಪಾಲು ಜೇಡಿಮಣ್ಣಿನ ಪದರಗಳ ನಡುವೆ ಸಿಕ್ಕಿಕೊಂಡು ನಿಧಾನವಾಗಿ ಬಿಡುಗಡೆಯಾಗುವುದು. ಬೇರಿಗೆ ಒಡನೆಯೇ ಕೈಗೆ ಸಿಕ್ಕುವ ಪಾಲು ನೂರಕ್ಕೆ ಒಂದೆರಡು ಮಾತ್ರ. ಬೇಲೂರಿನ ಮಲೆನಾಡಂಚಿನ ಕೆಮ್ಮಣ್ಣು, ಜಂಬುಮಣ್ಣುಗಳಿಗೆ ಈ ಸಾರವನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯು ಸ್ವಲ್ಪವೇ. ಹೆಚ್ಚಿನ ಮಳೆಯಲ್ಲಿ ಅದು ತೊಳೆದುಹೋಗುವುದು. ಕೆರೆಯ ಹಿಂದಿನ ಎರೆಮಿಶ್ರಿತ ಜೇಡಿಗೆ ಈ ಶಕ್ತಿಯು ಹೆಚ್ಚು. ಆದರೂ ಪೆಟ್ಟಿಗೆಯ ಹಣವನ್ನು ಪ್ರತಿವರ್ಷವೂ ತೆಗೆಯುತ್ತ ಒಂದು ವರ್ಷವೂ ಹಾಕದಿದ್ದರೆ ಎಂಥ ಪೆಟ್ಟಿಗೆಯಾದರೂ ಬರಿದಾಗುವುದರಲ್ಲಿ ಸಂಶಯವಿಲ್ಲ.

ಈಗ ಲೆಕ್ಕವನ್ನು ನೋಡತಕ್ಕದ್ದು. ಒಂದು ಎಕರೆ ಗದ್ದೆಯಲ್ಲಿ ೨೦ ಕ್ವಿಂಟಾಲು ಬತ್ತವೂ ಸುಮಾರು ಅಷ್ಟೇ ತೂಕದ ಹುಲ್ಲೂ ಬಂದಿತೆಂದು ಇಟ್ಟುಕೊಳ್ಳೋಣ. ಒಂದು ಟನ್ನು ಕಾಳಿನಲ್ಲಿರುವ ಪೊಟ್ಯಾಷ್ ಸುಮಾರು ೩ರಿಂದ ೪ ಕಿಲೋಗ್ರಾಮು. ಒಂದು ಟನ್ನು ಹುಲ್ಲಿನಲ್ಲಿರುವುದು ಸುಮಾರು ೧೭ರಿಂದ ೨೨ ಕಿಲೋಗ್ರಾಮು. ಆದುದರಿಂದ ಎಕರೆಯ ಕಾಳೆಲ್ಲವೂ ಸೇರಿ ಗದ್ದೆಯಿಂದ ಒಯ್ಯುವುದು ೬ರಿಂದ ೮ ಕಿಲೋಗ್ರಾಮಾದರೆ, ಹುಲ್ಲು ಒಯ್ಯುವುದು ೩೪ರಿಂದ ೪೪ ಕಿಲೋಗ್ರಾಮು. ಪೈರು ಹೀರಿದ ಪೊಟ್ಯಾಷಿನಲ್ಲಿ ಐದು ಪಾಲಿಗೆ ನಾಲ್ಕು ಪಾಲು ಹುಲ್ಲಿನಲ್ಲಿಯೇ ಇರುವುದು. ಮನುಷ್ಯನು ಉಣ್ಣುವ ಅಕ್ಕಿಯು ಗದ್ದೆಯನ್ನು ಬಡವಾಗಿಸುವುದಿಲ್ಲ. ಹಿಂದಿರುಗಿ ಬಾರದೆ ಹೋಗುವ ಹುಲ್ಲು ಬಡವಾಗಿಸುವುದು. ಈ ಉಪನ್ಯಾಸದಲ್ಲಿ ನೆನಪಿಡಬೇಕಾದ ಮಾತು ಒಂದೇ ಆದರೆ ಅದು ಇದೇ.

ಇನ್ನು ಹಿಂದಕ್ಕೆ ಕೊಡುವುದರ ಲೆಕ್ಕ. ನೀರಾವರಿಯ ನಾಟಿ ಬತ್ತಕ್ಕೆ ಹೆಕ್ಟೇರಿಗೆ ೧೦೦ ಕಿಲೋಗ್ರಾಮು ಸಾರಜನಕ, ೫೦ ಕಿಲೋಗ್ರಾಮು ರಂಜಕ, ೫೦ ಕಿಲೋಗ್ರಾಮು ಪೊಟ್ಯಾಷ್ ಎಂಬುದು ದಕ್ಷಿಣ ಕರ್ನಾಟಕದಲ್ಲಿ ರೂಢಿಯಲ್ಲಿರುವ ಸಾಮಾನ್ಯ ಶಿಫಾರಸು. ಮಳೆ ಹೆಚ್ಚಾದ ಗುಡ್ಡಗಾಡಿನ ಸೀಮೆಗೆ ಪೊಟ್ಯಾಷಿನ ಪ್ರಮಾಣವನ್ನು ಇನ್ನೂ ಹೆಚ್ಚಾಗಿ ಹೇಳಿರುತ್ತಾರೆ. ಎಕರೆಯ ಲೆಕ್ಕದಲ್ಲಿ ೫೦ ಕಿಲೋಗ್ರಾಮು ಎಂದರೆ ೨೦ ಕಿಲೋಗ್ರಾಮಾಯಿತು. ಅಂಗಡಿಯಲ್ಲಿ ದೊರೆಯುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ಗೊಬ್ಬರದಲ್ಲಿ ಶೇಕಡ ೬೦ ಭಾಗ ಪೊಟ್ಯಾಷ್ ಇರುವುದರಿಂದ ಅಂಥ ಗೊಬ್ಬರ ಸುಮಾರು ೩೩ ಕಿಲೋಗ್ರಾಮು ಬೇಕು. ಆದರೆ ಗದ್ದೆಯಿಂದ ಹೋದುದು ನಲವತ್ತಕ್ಕೂ ಹೆಚ್ಚು, ಬಂದುದು ಇಪ್ಪತ್ತು. ಉಳಿದ ಇಪ್ಪತ್ತು ಎಲ್ಲಿಂದ ಬರಬೇಕು? ಶಿಫಾರಸಿನಲ್ಲಿಯೇ ಅದಕ್ಕೆ ಉತ್ತರವಿದೆ, ಆದರೆ ಅದನ್ನು ಓದುವವರಿಲ್ಲ. ಹೆಕ್ಟೇರಿಗೆ ೧೦ ಟನ್ನು, ಅಂದರೆ ಎಕರೆಗೆ ೪ ಟನ್ನು ಕೊಟ್ಟಿಗೆ ಗೊಬ್ಬರವನ್ನು ಹಾಕಬೇಕೆಂದು ಮೊದಲ ಸಾಲಿನಲ್ಲಿಯೇ ಹೇಳಿರುತ್ತದೆ. ಒಳ್ಳೆಯ ಕೊಟ್ಟಿಗೆ ಗೊಬ್ಬರದಲ್ಲಿ ನೂರಕ್ಕೆ ಅರ್ಧ ಪಾಲು ಪೊಟ್ಯಾಷ್ ಇರುವುದರಿಂದ ೪ ಟನ್ನಿನಲ್ಲಿ ೨೦ ಕಿಲೋಗ್ರಾಮು ದೊರೆಯುವುದು. ಚೀಲದಿಂದ ಅರ್ಧ, ಕೊಟ್ಟಿಗೆಯಿಂದ ಅರ್ಧ. ಲೆಕ್ಕವು ಹೆಚ್ಚುಕಡಿಮೆ ಸರಿಹೋಗುವುದು. ಯಾವನು ಕೊಟ್ಟಿಗೆಯನ್ನು ಬಿಟ್ಟನೋ ಅವನು ಚೀಲವನ್ನು ಇಮ್ಮಡಿಸಬೇಕು. ಯಾವನು ಎರಡನ್ನೂ ಬಿಟ್ಟನೋ ಅವನು ಗದ್ದೆಯ ಮೂಲಧನವನ್ನೇ ಮಾರಿ ತಿನ್ನುತ್ತಿರುವನು.

ಪೂರ್ವಿಕರು ಪೊಟ್ಯಾಷ್ ಎಂಬ ಹೆಸರನ್ನೇ ಕೇಳದೆ ಸಾವಿರ ವರ್ಷ ಬತ್ತ ಬೆಳೆಯಲಿಲ್ಲವೇ ಎಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪವು ಯುಕ್ತವಾದುದೇ. ಅವರು ಹೆಸರನ್ನು ಅರಿಯದಿದ್ದರೂ ಆ ಸಾರವನ್ನು ಗದ್ದೆಗೆ ಹಿಂದಕ್ಕೆ ಕೊಡುತ್ತಿದ್ದರು. ಹುಲ್ಲು ಮನೆಯ ಬಣವೆಗೇ ಹೋಗುತ್ತಿತ್ತು, ಬಣವೆಯಿಂದ ಮನೆಯ ದನಗಳ ಮುಂದಕ್ಕೆ, ದನಗಳಿಂದ ತಿಪ್ಪೆಗೆ, ತಿಪ್ಪೆಯಿಂದ ಗದ್ದೆಗೆ. ಬೇಸಗೆಯಲ್ಲಿ ಬತ್ತಿದ ಕೆರೆಯಿಂದ ಗೋಡುಮಣ್ಣನ್ನು ಗಾಡಿಗಳಲ್ಲಿ ಹೇರಿ ತಂದು ಹರಡುತ್ತಿದ್ದರು. ಹೊಂಗೆಯ ಸೊಪ್ಪನ್ನು ಕಡಿದು ಕೆಸರಿನಲ್ಲಿ ತುಳಿಯುತ್ತಿದ್ದರು. ಒಲೆಯ ಬೂದಿಯು ತಿಪ್ಪೆಗೆ ಬೀಳುತ್ತಿತ್ತು. ಇಳುವರಿಯೂ ಈಗಿನದರ ಒಂದು ಭಾಗವಷ್ಟೇ ಆಗಿದ್ದುದರಿಂದ ನೆಲದಿಂದ ತೆಗೆಯುತ್ತಿದ್ದುದೂ ಸ್ವಲ್ಪವೇ. ೧೯೬೬ರಲ್ಲಿ ಫಿಲಿಪೈನ್ಸ್ ದೇಶದ ಅಂತರರಾಷ್ಟ್ರೀಯ ಬತ್ತ ಸಂಶೋಧನಾ ಸಂಸ್ಥೆಯು ಐ.ಆರ್. ೮ ಎಂಬ ಗಿಡ್ಡತಳಿಯನ್ನು ಬಿಡುಗಡೆ ಮಾಡಿದ ಮೇಲೆ, ಹೆಚ್ಚು ಸಾರಜನಕವನ್ನುಂಡು ಹೆಚ್ಚು ಕಾಳು ಕೊಡುವ ತಳಿಗಳು ಎಲ್ಲೆಡೆಯಲ್ಲಿಯೂ ಹರಡಿದುವು. ತೆಗೆಯುವ ಕೈ ದೊಡ್ಡದಾಯಿತು. ಕೊಡುವ ಕೈ ಮೊದಲಿಗಿಂತ ಚಿಕ್ಕದಾಯಿತು. ಈಗ ಮನೆಯಲ್ಲಿ ದನಗಳು ಕಡಿಮೆ; ಕೊಯ್ಲಿನ ಯಂತ್ರವು ಗದ್ದೆಯಲ್ಲಿ ಬಿಟ್ಟ ಹುಲ್ಲನ್ನು ಇನ್ನೊಂದು ಯಂತ್ರವು ಸುರುಳಿಕಟ್ಟುವುದು; ಲಾರಿಯು ಅದನ್ನು ದೂರದ ಊರಿಗೆ ಒಯ್ಯುವುದು. ಹುಲ್ಲಿನ ಬೆಲೆಯು ರೈತನ ಕೈಗೆ ಬಂದಿತೆಂಬುದು ನಿಜ. ಆದರೆ ಒಂದು ಎಕರೆ ಹುಲ್ಲಿನೊಡನೆ ಒಂದು ಚೀಲಕ್ಕೂ ಮೀರಿದ ಪೊಟ್ಯಾಷ್ ಗೊಬ್ಬರವನ್ನು ಉಚಿತವಾಗಿ ಕೊಟ್ಟು ಕಳುಹಿಸಿದಂತಾಯಿತೆಂಬುದೂ ಅಷ್ಟೇ ನಿಜ.

ರೈತನು ಪೊಟ್ಯಾಷನ್ನು ಬಿಡುವುದಕ್ಕೆ ಅಜ್ಞಾನವೊಂದೇ ಕಾರಣವೆಂದು ಹೇಳುವುದು ಅನ್ಯಾಯವಾಗುವುದು. ಬೆಲೆಯೂ ಒಂದು ಕಾರಣ. ಭಾರತದಲ್ಲಿ ಈ ಗೊಬ್ಬರವನ್ನು ತೆಗೆಯುವ ಗಣಿಗಳು ನಡೆಯುತ್ತಿಲ್ಲ. ಕೆನಡಾ, ರಷ್ಯಾ, ಬೆಲಾರೂಸ್, ಜೋರ್ಡನ್, ಇಸ್ರೇಲ್ ಮೊದಲಾದ ದೇಶಗಳಿಂದ ಹಡಗಿನಲ್ಲಿ ಬರಬೇಕು. ೧೮೬೧ರಲ್ಲಿ ಜರ್ಮನಿಯ ಸ್ಟಾಸ್‌ಫುರ್ಟಿನಲ್ಲಿ ಈ ಉದ್ಯಮವು ಪ್ರಾರಂಭವಾದಂದಿನಿಂದಲೂ ದೇಶದೇಶಗಳ ಯುದ್ಧವು ಗದ್ದೆಯ ಗೊಬ್ಬರವನ್ನು ಮುಟ್ಟುತ್ತ ಬಂದಿದೆ. ೧೯೧೪ರ ಮಹಾಯುದ್ಧದಲ್ಲಿ ಜರ್ಮನಿಯ ಪೊಟ್ಯಾಷ್ ನಿಂತು ಬೆಲೆಯು ಗಗನಕ್ಕೇರಿತು. ೨೦೨೨ರಲ್ಲಿ ಉಕ್ರೇನಿನ ಯುದ್ಧದಿಂದ ಮತ್ತೆ ಅದೇ ಆಯಿತು. ೨೦೧೦ರ ಏಪ್ರಿಲಿಗೆ ಮುಂಚೆ ಒಂದು ಟನ್ನಿಗೆ ೪,೪೫೫ ರೂಪಾಯಿ, ಅಂದರೆ ೫೦ ಕಿಲೋಗ್ರಾಮಿನ ಚೀಲಕ್ಕೆ ಸುಮಾರು ೨೨೩ ರೂಪಾಯಿ ಇದ್ದ ಬೆಲೆಯು ೨೦೨೨ರಲ್ಲಿ ಚೀಲಕ್ಕೆ ಸುಮಾರು ೧,೭೦೦ ರೂಪಾಯಿಗೆ ಮುಟ್ಟಿತು. ಯೂರಿಯಾದ ಬೆಲೆಯನ್ನಾದರೋ ಸರ್ಕಾರವು ಕಟ್ಟುಮಾಡಿರುವುದರಿಂದ ೪೫ ಕಿಲೋಗ್ರಾಮಿನ ಚೀಲವು ಮುನ್ನೂರು ರೂಪಾಯಿಗೂ ಕಡಿಮೆಗೆ ದೊರೆಯುವುದು. ಅಗ್ಗವಾದುದನ್ನು ಹೆಚ್ಚಾಗಿ ಹಾಕಿ, ತುಟ್ಟಿಯಾದುದನ್ನು ಬಿಡುವುದು ಮನುಷ್ಯಸಹಜ. ಅದರ ಫಲವನ್ನು ಮಾತ್ರ ಗದ್ದೆಯು ಅನುಭವಿಸಬೇಕಾಗಿದೆ.

ಆ ಫಲವು ಎಂಥದು? ಯೂರಿಯಾ ಬಿದ್ದ ಐದಾರು ದಿನಗಳಲ್ಲಿ ಪೈರು ಕಡುಹಸುರಾಗುವುದನ್ನು ಕಂಡು ರೈತನು ಸಂತೋಷಪಡುವನು. ಆದರೆ ಪೊಟ್ಯಾಷ್ ಇಲ್ಲದೆ ಬರಿಯ ಸಾರಜನಕವನ್ನುಂಡ ಪೈರು ಎತ್ತರವಾಗಿ, ಮೃದುವಾಗಿ ಬೆಳೆಯುವುದು. ಬೆಂಕಿ ರೋಗಕ್ಕೂ ಕಂದು ಜಿಗಿಹುಳುವಿಗೂ ಅಂಥ ಪೈರೇ ಇಷ್ಟವಾದ ಆಹಾರ. ತೆನೆ ತೂಗುವ ಹೊತ್ತಿಗೆ ಒಂದು ಮಳೆಗಾಳಿ ಬೀಸಿದರೆ ಅದು ನೆಲಕ್ಕೆ ಒರಗುವುದು. ಕೊಯ್ಲಿನ ಯಂತ್ರಕ್ಕೂ ಸಿಕ್ಕದೆ, ನೀರಿನಲ್ಲಿ ಕಾಳು ಮೊಳೆತು, ನಾಲ್ಕು ತಿಂಗಳ ದುಡಿಮೆಯು ನಾಲ್ಕು ದಿನದಲ್ಲಿ ವ್ಯರ್ಥವಾಗುವುದು. ಪೊಟ್ಯಾಷ್ ಬಡವಾದ ನೆಲದಲ್ಲಿ ಕಂದು ಚುಕ್ಕೆ ರೋಗವೂ ಹೆಚ್ಚು. ಈ ರೋಗವು ೧೯೪೨ರಲ್ಲಿ ಬಂಗಾಳದ ಬತ್ತಕ್ಕೆ ತೀವ್ರವಾಗಿ ತಗುಲಿತ್ತು. ಮರುವರ್ಷದ ಘೋರಕ್ಷಾಮಕ್ಕೆ ಇದ್ದ ಹಲವು ಕಾರಣಗಳಲ್ಲಿ ಇದನ್ನೂ ಒಂದೆಂದು ಕೆಲವು ವಿದ್ವಾಂಸರು ಎಣಿಸಿರುತ್ತಾರೆ. ಸಾಲ ಮಾಡಿ ನಾಟಿ ಹಾಕಿದ ಸಣ್ಣ ರೈತನಿಗೆ ಒರಗಿದ ಪೈರೆಂದರೆ ಮನೆಯ ಕ್ಷಾಮವೇ ಸರಿ.

ಕೊರತೆಯನ್ನು ಗುರುತಿಸುವ ಬಗೆಯನ್ನೂ ಹೇಳಬೇಕಾಗಿದೆ. ಪೊಟ್ಯಾಷ್ ಕಡಿಮೆಯಾದಾಗ ಗಿಡವು ಹಳೆಯ ಎಲೆಯಿಂದ ಅದನ್ನು ತೆಗೆದು ಹೊಸ ಎಲೆಗೆ ಕಳುಹಿಸುವುದು. ಆದುದರಿಂದ ಗುರುತು ಮೊದಲು ಕೆಳಗಿನ ಎಲೆಗಳಲ್ಲಿ ಕಾಣುವುದು. ಎಲೆಯ ತುದಿಯೂ ಎರಡು ಅಂಚುಗಳೂ ಹಳದಿಯಾಗಿ, ಆಮೇಲೆ ಕಂದಾಗಿ ಒಣಗುವುವು. ನಡುವಿನ ಭಾಗವು ಕೆಲಕಾಲ ಹಸುರಾಗಿಯೇ ಇರುವುದು. ಸಾರಜನಕದ ಕೊರತೆಯಲ್ಲಾದರೋ ಎಲೆಯೆಲ್ಲವೂ ಒಂದೇ ಸಮನಾಗಿ ಬಿಳಿಚಿಕೊಳ್ಳುವುದು. ಈ ಭೇದವನ್ನು ಮರೆಯಬಾರದು. ಗಿಡವನ್ನು ಕಿತ್ತು ನೋಡಿದರೆ ಬೇರುಗಳು ಕಡಿಮೆಯಾಗಿ ಕಪ್ಪಗಾಗಿರುವುವು. ಬೇಲೂರಿನ ಕಡೆಯ ಜವುಗುಗದ್ದೆಗಳಲ್ಲಿ ಕಬ್ಬಿಣದ ಅಂಶವು ಹೆಚ್ಚಾಗಿ ಎಲೆಯು ಕಂಚಿನ ಬಣ್ಣಕ್ಕೆ ತಿರುಗುವುದುಂಟು. ಪೊಟ್ಯಾಷ್ ಸಾಲದ ಬೇರು ಆ ಕಬ್ಬಿಣವನ್ನು ತಡೆಯಲಾರದೆ ಹೋಗುವುದೂ ಅದಕ್ಕೊಂದು ಕಾರಣ. ಆದರೆ ಎಲೆಯಲ್ಲಿ ಗುರುತು ಕಾಣುವ ಹೊತ್ತಿಗೆ ಇಳುವರಿಯ ಒಂದು ಭಾಗವು ಆಗಲೇ ಹೋಗಿರುವುದರಿಂದ, ಗುರುತನ್ನು ಕಾಯದೆ ಮೊದಲೇ ಎಚ್ಚರವಾಗಿರುವುದು ಲೇಸು.

ಅಂಗಡಿಗೆ ಹೋದಾಗ ಚೀಲದ ಮೇಲಿನ ಮೂರು ಅಂಕಿಗಳನ್ನು ಓದುವುದನ್ನು ಪ್ರತಿಯೊಂದು ರೈತಕುಟುಂಬವೂ ಕಲಿಯಬೇಕು. ಮೊದಲನೆಯದು ಸಾರಜನಕ, ಎರಡನೆಯದು ರಂಜಕ, ಮೂರನೆಯದು ಪೊಟ್ಯಾಷ್. ಡಿ.ಎ.ಪಿ. ಚೀಲದಲ್ಲಿ ೧೮, ೪೬ ಎಂದಿದ್ದು ಮೂರನೆಯದು ಸೊನ್ನೆ. ೨೦:೨೦:೦:೧೩ ಎಂಬುದರಲ್ಲಿಯೂ ಮೂರನೆಯದು ಸೊನ್ನೆಯೇ. ಕೊನೆಯ ೧೩ ಎಂಬುದು ಗಂಧಕ. ೧೦:೨೬:೨೬ ಎಂಬುದರಲ್ಲಿ ಪೊಟ್ಯಾಷ್ ನೂರಕ್ಕೆ ೨೬, ೧೭:೧೭:೧೭ ಎಂಬುದರಲ್ಲಿ ೧೭. ಡಿ.ಎ.ಪಿ.ಯನ್ನೂ ಯೂರಿಯಾವನ್ನೂ ಹಾಕಿ ಎಲ್ಲ ಗೊಬ್ಬರವನ್ನೂ ಕೊಟ್ಟೆನೆಂದು ನಂಬುವವನು ಪೊಟ್ಯಾಷನ್ನು ಒಂದು ಚಿಟಿಕೆಯೂ ಕೊಟ್ಟಿರುವುದಿಲ್ಲ. ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ದೊರೆಯುವ, ಶೇಕಡ ೧೪.೫ ಭಾಗ ಪೊಟ್ಯಾಷ್ ಇರುವ ಗೊಬ್ಬರವನ್ನು ೨೦೨೧ರಲ್ಲಿ ಕೇಂದ್ರ ಸರ್ಕಾರವು ಸಹಾಯಧನದ ಪಟ್ಟಿಗೆ ಸೇರಿಸಿತು. ಇದು ಸ್ವದೇಶದ ವಸ್ತು. ಕೊಳ್ಳುವಾಗ ಚೀಲದ ಬೆಲೆಯನ್ನು ಮಾತ್ರ ನೋಡದೆ, ಅದರಲ್ಲಿರುವ ಪೊಟ್ಯಾಷಿನ ಪ್ರಮಾಣದೊಡನೆ ತೂಗಿ ನೋಡಬೇಕು.

ಹಾಕುವ ಕ್ರಮವು ಹೀಗೆ. ಜೇಡಿಮಣ್ಣಿನಲ್ಲಿ ನಾಟಿಯ ಸಮಯದಲ್ಲಿ ಎಲ್ಲವನ್ನೂ ಒಮ್ಮೆಗೆ ಕೊಡಬಹುದು. ಮರಳುಮಿಶ್ರಿತವಾದ ಹಗುರ ನೆಲದಲ್ಲಿಯೂ, ಮಳೆ ಹೆಚ್ಚಾದ ಕಡೆಯಲ್ಲಿಯೂ ಅರ್ಧವನ್ನು ನಾಟಿಗೆ ಮುಂಚೆ ಕೆಸರಿನಲ್ಲಿ ಬೆರೆಸಿ, ಉಳಿದರ್ಧವನ್ನು ದಂಟಿನೊಳಗೆ ತೆನೆಯ ಮೊಳಕೆಯು ಮೂಡುವ ಕಾಲದಲ್ಲಿ ಕೊಡುವುದು ಉತ್ತಮ. ಆ ಕಾಲವು ಕೊಯ್ಲಿಗೆ ಸುಮಾರು ೬೦ರಿಂದ ೬೫ ದಿನ ಮುಂಚೆ ಬರುವುದು. ಮೇಲುಗೊಬ್ಬರವಾಗಿ ಯೂರಿಯಾ ಕೊಡುವ ಕಾಲವೂ ಅದೇ ಆದುದರಿಂದ ಎರಡನ್ನೂ ಆಗಲೇ ಬೆರೆಸಿ ಎರಚಬಹುದು. ಎರಚುವ ಮುನ್ನ ಗದ್ದೆಯ ನೀರನ್ನು ತೆಳ್ಳಗೆ ಮಾಡಿ, ಎಲೆಯ ಮೇಲಿನ ಇಬ್ಬನಿ ಆರಿದ ಮೇಲೆ ಎರಚತಕ್ಕದ್ದು. ಮೆಟ್ಟಿಲುಗದ್ದೆಗಳಲ್ಲಿ ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಹರಿಯುವಂತಿದ್ದರೆ, ಎರಚಿದ ಮೇಲೆ ಕೆಲವು ದಿನ ಮಡವೆಯನ್ನು ಕಟ್ಟಬೇಕು. ಇಲ್ಲವಾದರೆ ಒಬ್ಬನು ಕೊಂಡ ಗೊಬ್ಬರವು ನೀರಿನಲ್ಲಿ ಕರಗಿ ಮುಂದಿನವನ ಗದ್ದೆಗೂ, ಕಡೆಗೆ ಹಳ್ಳಕ್ಕೂ ಸೇರುವುದು.

ಚೀಲದ ಗೊಬ್ಬರಕ್ಕಿಂತ ಮುಖ್ಯವಾದುದು ಮನೆಯ ಗೊಬ್ಬರ. ಮೊದಲನೆಯದಾಗಿ ಗಂಜಲ. ಹಸುವು ತಿಂದ ಹುಲ್ಲಿನ ಪೊಟ್ಯಾಷಿನಲ್ಲಿ ಅದರ ಶರೀರದಲ್ಲಿ ಉಳಿಯುವುದು ಅತ್ಯಲ್ಪ. ಹೊರಬರುವುದರಲ್ಲಿ ಬಹುಭಾಗವು ಸಗಣಿಯಲ್ಲಲ್ಲ, ಗಂಜಲದಲ್ಲಿಯೇ ಇರುವುದು. ಸಗಣಿಯನ್ನು ಬಾಚಿ ತಿಪ್ಪೆಗೆ ಹಾಕಿ ಗಂಜಲವನ್ನು ಮೋರಿಗೆ ಬಿಡುವವನು ಹೊಟ್ಟನ್ನು ಕೂಡಿಟ್ಟು ಕಾಳನ್ನು ಚೆಲ್ಲಿದವನಿಗೆ ಸಮಾನ. ಕೊಟ್ಟಿಗೆಗೆ ಇಳಿಜಾರು ಮಾಡಿ ಒಂದು ಗುಂಡಿಯಲ್ಲಿ ಗಂಜಲವನ್ನು ಹಿಡಿಯಬಹುದು. ಅದಕ್ಕೂ ಅನುಕೂಲವಿಲ್ಲದವರು ಒಣಮಣ್ಣನ್ನೋ ಒಣಸೊಪ್ಪನ್ನೋ ಹಾಸಿ, ನೆನೆದ ಹಾಸನ್ನು ದಿನದಿನವೂ ತಿಪ್ಪೆಗೆ ಹಾಕಬಹುದು. ಎರಡನೆಯದಾಗಿ ತಿಪ್ಪೆಯ ರಕ್ಷಣೆ. ಪೊಟ್ಯಾಷ್ ನೀರಿನಲ್ಲಿ ಕರಗುವ ವಸ್ತುವಾದುದರಿಂದ ಬಯಲಿನ ತಿಪ್ಪೆಯ ಮೇಲೆ ಮಳೆ ಬಿದ್ದಾಗ ಹರಿದುಹೋಗುವ ಕಪ್ಪು ನೀರಿನಲ್ಲಿ ಅದೇ ಹೋಗುತ್ತಿರುವುದು. ಗುಂಡಿಯೂ ಗರ��ಯ ಚಪ್ಪರವೂ ಇದ್ದರೆ ಸಾಕು; ಖರ್ಚು ಇಲ್ಲವೆಂದೇ ಹೇಳಬಹುದು.

ಮೂರನೆಯದಾಗಿ ಹುಲ್ಲು. ದನಗಳಿಗೆ ಬೇಕಾದಷ್ಟನ್ನು ತೆಗೆದು ಮಿಕ್ಕುದನ್ನು ಗದ್ದೆಗೇ ಬಿಡುವುದು ಶ್ರೇಷ್ಠ. ಅದನ್ನು ನಾಟಿಗೆ ಎರಡು ಮೂರು ವಾರ ಮುಂಚೆಯೇ ಉತ್ತು ಕೊಳೆಯಿಸಬೇಕು. ಹಸಿಹುಲ್ಲಿನ ಮೇಲೆಯೇ ನಾಟಿ ಮಾಡಿದರೆ ಎಳೆಪೈರು ಹಳದಿಯಾಗುವುದು. ಹುಲ್ಲನ್ನು ಮಾರಲೇಬೇಕಾದ ಬಡತನವಿದ್ದವರೂ ಕೂಳೆಯನ್ನು ಒಂದು ಅಡಿ ಎತ್ತರವಾಗಿ ಬಿಟ್ಟು ಕೊಯ್ದರೆ ಒಂದು ಪಾಲು ಸಾರವಾದರೂ ನೆಲದಲ್ಲಿ ಉಳಿಯುವುದು. ಗದ್ದೆಯಲ್ಲಿಯೇ ಹುಲ್ಲನ್ನು ಸುಡುವುದು ಸಲ್ಲದು. ಸುಟ್ಟರೆ ಅದರ ಸಾರಜನಕವು ಬಹುತೇಕವಾಗಿ ಹೊಗೆಯಾಗಿ ಹೋಗುವುದು. ಪೊಟ್ಯಾಷಿನಲ್ಲಿಯೂ ಸುಮಾರು ಐದನೆಯ ಒಂದು ಪಾಲು ನಷ್ಟ. ಉಳಿದ ಬೂದಿಯು ರಾಶಿಯಿದ್ದ ಕಡೆಯಲ್ಲಿ ಮಾತ್ರ ಬಿದ್ದು ಮಳೆಗೆ ತೊಳೆದುಹೋಗುವುದು.

ನಾಲ್ಕನೆಯದಾಗಿ ಬೂದಿ. ಸೌದೆಯ ಬೂದಿಯಲ್ಲಿ ನೂರಕ್ಕೆ ಸುಮಾರು ೫ ಪಾಲು ಪೊಟ್ಯಾಷ್ ಇರುವುದು. ಹುಳಿಗುಣವುಳ್ಳ ಮಲೆನಾಡಂಚಿನ ಮಣ್ಣಿಗೆ ಅದು ಎರಡು ವಿಧದಲ್ಲಿ ಹಿತ. ಆದರೆ ಬೂದಿಯನ್ನು ಯೂರಿಯಾದೊಡನೆಯಾಗಲಿ ಹಸಿಸಗಣಿಯೊಡನೆಯಾಗಲಿ ಬೆರೆಸಿದರೆ ಸಾರಜನಕವು ಹಾರಿಹೋಗುವುದರಿಂದ ಅದನ್ನು ಬೇರೆಯಾಗಿ, ಮಳೆ ತಾಕದಂತೆ ಕೂಡಿಟ್ಟು, ಗದ್ದೆಗೆ ನೇರವಾಗಿ ಎರಚಬೇಕು. ಅಕ್ಕಿಯ ಗಿರಣಿಯಲ್ಲಿ ಹೊಟ್ಟು ಸುಟ್ಟ ಬೂದಿಯು ಬಹುಮಟ್ಟಿಗೆ ಸಿಲಿಕಾ ಮಾತ್ರ. ಅದರಿಂದ ಪೊಟ್ಯಾಷನ್ನು ನಿರೀಕ್ಷಿಸಬಾರದು.

ಅರಸೀಕೆರೆಯ ರೈತರಿಗೆ ಒಂದು ವಿಶೇಷ ಮಾತು. ತೆಂಗಿನ ಮರವೊಂದಕ್ಕೆ ವರ್ಷಕ್ಕೆ ೫೦೦ ಗ್ರಾಮು ಸಾರಜನಕ, ೩೨೦ ಗ್ರಾಮು ರಂಜಕ, ೧,೨೦೦ ಗ್ರಾಮು ಪೊಟ್ಯಾಷ್ ಬೇಕೆಂದು ಶಿಫಾರಸಿದೆ. ಮೂರರಲ್ಲಿ ಪೊಟ್ಯಾಷಿನ ಪಾಲೇ ದೊಡ್ಡದು. ಉಂಡೆಕೊಬ್ಬರಿಗಾಗಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯನ್ನು ಸುಲಿದಾಗ ಬೀಳುವ ಸಿಪ್ಪೆಯ ರಾಶಿಯು ಈ ಸಾರದಿಂದ ತುಂಬಿರುವುದು. ಅದು ಆ ಮರದ ಬುಡದ ಪಾತಿಯಲ್ಲಿಯೇ ಹೂಳಲ್ಪಡಬೇಕು. ಸಿಪ್ಪೆಯೆಲ್ಲವೂ ನಾರಿನ ಕಾರ್ಖಾನೆಗೆ ಹೋಗಿ, ತೋಟದ ಹಸಿವನ್ನು ತೀರಿಸಲು ಗದ್ದೆಯ ಪಾಲಿನ ಗೊಬ್ಬರವನ್ನು ತೋಟಕ್ಕೆ ಹೊತ್ತರೆ, ಒಂದರ ಬಾಯಿಂದ ತೆಗೆದು ಇನ್ನೊಂದರ ಬಾಯಿಗಿಟ್ಟಂತಾಗುವುದು. ಯಾವ ನೆಲದ ಉಳಿಕೆಯು ಆ ನೆಲಕ್ಕೇ ಸಲ್ಲಬೇಕೆಂಬುದು ತೋಟಕ್ಕೂ ಗದ್ದೆಗೂ ಸಮಾನವಾದ ಧರ್ಮ. ಕೆರೆಯ ಗೋಡೂ ಹಾಗೆಯೇ. ಮೇಲುನೆಲಗಳಿಂದ ಕೊಚ್ಚಿಬಂದ ನುಣುಪಾದ ಜೇಡಿಯು ಕೆರೆಯ ತಳದಲ್ಲಿ ನಿಂತಿರುವುದು. ಅದನ್ನು ಬೇಸಗೆಯಲ್ಲಿ ತೆಗೆದು ಹರಡಿದರೆ ಕೆರೆಗೆ ನೀರು ಹಿಡಿಯುವ ಶಕ್ತಿಯೂ ನೆಲಕ್ಕೆ ಸಾರ ಹಿಡಿಯುವ ಶಕ್ತಿಯೂ ಒಟ್ಟಿಗೆ ಹೆಚ್ಚುವುವು.

ಎಷ್ಟು ಹಾಕಬೇಕೆಂಬುದನ್ನು ಮಾತ್ರ ಊಹೆಯಿಂದ ನಿರ್ಣಯಿಸಬಾರದು. ೨೦೧೫ರ ಫೆಬ್ರವರಿಯಲ್ಲಿ ಪ್ರಾರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಹನ್ನೆರಡು ಗುಣಗಳನ್ನು ಪರೀಕ್ಷಿಸಿ ಬರೆದುಕೊಡುತ್ತಾರೆ. ಬೆಳೆಗೆ ದೊರೆಯುವ ಪೊಟ್ಯಾಷ್ ಹೆಕ್ಟೇರಿಗೆ ಸುಮಾರು ೧೪೦ ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಕೊರತೆ, ಅಲ್ಲಿಂದ ಸುಮಾರು ೩೩೫ರ ವರೆಗೆ ಮಧ್ಯಮ, ಅದಕ್ಕೂ ಮೇಲಿದ್ದರೆ ಸಮೃದ್ಧಿ ಎಂದು ತಿಳಿಯುವುದು. ಸಮೃದ್ಧಿಯಿದ್ದವನು ಹಣವನ್ನು ಉಳಿಸಬಹುದು, ಕೊರತೆಯಿದ್ದವನು ತಡಮಾಡಬಾರದು. ಗದ್ದೆಯ ಹತ್ತಾರು ಕಡೆಗಳಲ್ಲಿ ಗೇಣುದ್ದ ಆಳದಿಂದ ಮಣ್ಣನ್ನು ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋಗ್ರಾಮಿನಷ್ಟನ್ನು ಕೊಟ್ಟರಾಯಿತು. ಬದುವಿನ ಹತ್ತಿರವೂ ತಿಪ್ಪೆ ಹಾಕಿದ ಜಾಗದಲ್ಲಿಯೂ ತೆಗೆಯಬಾರದು. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿಯೂ, ಹಾಸನದ ಬಳಿಯ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿಯೂ ಈ ವಿಷಯದಲ್ಲಿ ವಿಚಾರಿಸಬಹುದು.

ಸದ್ಭಕ್ತರೇ, ಸಾಲಗಳಲ್ಲಿ ಎರಡು ಬಗೆ. ಸಾಹುಕಾರನ ಸಾಲವು ಪತ್ರದಲ್ಲಿ ಬರೆದಿರುವುದರಿಂದ ತೀರಿಸುವ ಭಯವಿರುವುದು. ಗದ್ದೆಯ ಸಾಲಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ, ಕೇಳುವವನಿಲ್ಲ; ಅದು ಹತ್ತಿಪ್ಪತ್ತು ವರ್ಷ ಮೌನವಾಗಿದ್ದು, ಸಾಲ ಮಾಡಿದವನನ್ನು ಬಿಟ್ಟು ಅವನ ಮಕ್ಕಳನ್ನು ಹಿಡಿಯುವುದು. ತಂದೆಯು ಕೊಟ್ಟ ಗದ್ದೆಯನ್ನು ತಂದೆಯು ಕೊಟ್ಟಾಗಿದ್ದ ಸಾರದೊಡನೆಯೇ ಮಗನಿಗೆ ಒಪ್ಪಿಸುವುದು ರೈತನ ಕಾಯಕದ ಒಂದು ಅಂಗವಾಗಿದೆ. ಅದಕ್ಕಾಗಿ ಮಾಡಬೇಕಾದುದು ಬಹಳವೇನೂ ಇಲ್ಲ. ಕಾಳನ್ನು ಮನೆಗೆ ತರಲಿ, ಮಾರಲಿ, ದಾಸೋಹಕ್ಕೆ ಅರ್ಪಿಸಲಿ. ಹುಲ್ಲಿನ ಸಾರವನ್ನು ಮಾತ್ರ, ಹುಲ್ಲಾಗಿಯೋ ಗಂಜಲವಾಗಿಯೋ ಬೂದಿಯಾಗಿಯೋ, ಇವು ಸಾಲದಾದಾಗ ಚೀಲದ ಗೊಬ್ಬರವಾಗಿಯೋ, ಗದ್ದೆಗೆ ಹಿಂದಿರುಗಿಸಲಿ. ಈ ಮುಂಗಾರಿನಿಂದಲೇ ಪ್ರತಿ ಮನೆಯಲ್ಲಿಯೂ ಗಂಜಲದ ಗುಂಡಿಯೊಂದು ಸಿದ್ಧವಾಗಲಿ, ಪ್ರತಿ ಗದ್ದೆಯ ಮಣ್ಣೂ ಒಮ್ಮೆ ಪರೀಕ್ಷೆಗೆ ಹೋಗಲಿ. ಕೆರೆಕಟ್ಟೆಗಳು ತುಂಬಿ, ತೆನೆಗಳು ತೂಗಿ, ಭಕ್ತಾದಿಗಳೆಲ್ಲರಿಗೂ ಅನ್ನಸಮೃದ್ಧಿಯುಂಟಾಗಲಿ.

ಸರ್ವರಿಗೂ ಮಂಗಳವಾಗಲಿ.